ಮೀನು ಮಾರುಕಟ್ಟೆಯ ನಸುಕು

ಕೇಳುಗರೆ, ನಮಸ್ಕಾರ.

ಹುಬ್ಬಳ್ಳಿಗೆ ಸಮುದ್ರವಿಲ್ಲ. ಕಾರವಾರ ಇಲ್ಲಿಂದ ಸುಮಾರು 165 ಕಿಲೋಮೀಟರ್. ಅಂಕೋಲಾ ಬಿಟ್ಟು, ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ಹಾದು ಬರುವ ಬಂಗುಡೆ ರಾತ್ರಿಯೆಲ್ಲ ಬರ್ಫದಲ್ಲಿ ಹುದುಗಿ ಬಂದಿರುತ್ತದೆ. ಆದ್ದರಿಂದ ನಮ್ಮ ಊರಿನ ಸಗಟು ಮೀನು ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋಗುವವರು ದೋಣಿ, ಬಲೆ, ತೆರೆ ಹುಡುಕಬೇಡಿ. ಇಲ್ಲಿ ನೋಡಬೇಕಾದದ್ದು ಬರ್ಫ, ಬೆಳಕು ಮತ್ತು ಅವಸರದಲ್ಲಿರುವ ಕೈಗಳು.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಗಾಡಿ ಬರುವ ವೇಳೆ ದಿನದಿನಕ್ಕೆ ಬದಲಾಗುತ್ತದೆ. ಹಿಂದಿನ ದಿನವೇ ಗಣೇಶಪೇಟೆಯಂಥ ಮಾರುಕಟ್ಟೆಗೆ ಹೋಗಿ ಚಿಲ್ಲರೆ ಮಾರುವವರನ್ನು ಕೇಳಿದರೆ ಸರಿಯಾದ ವೇಳೆ ಸಿಗುತ್ತದೆ. ಭಾನುವಾರ ಮಾಲು ಹೆಚ್ಚು, ಜನವೂ ಹೆಚ್ಚು, ನಿಲ್ಲಲಿಕ್ಕೇ ಜಾಗವಿರುವುದಿಲ್ಲ. ಮೊದಲ ಸಲ ಹೋಗುವವರಿಗೆ ವಾರದ ನಡುವಿನ ದಿನವೇ ವಾಸಿ. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮೀನು ಮಾಂಸ ಬಿಡುತ್ತಾರೆ, ಆಗ ಮಾರುಕಟ್ಟೆ ತೆಳ್ಳಗಿರುತ್ತದೆ.

ಋತುವಿನ ಲೆಕ್ಕ ಇನ್ನೊಂದಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಅದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಎರಡನ್ನೂ ಜೋಡಿಸಿ ನೋಡಿದರೆ ಜೂನ್ ತಿಂಗಳ ಮೊದಲ ಎರಡು ವಾರ ಎರಡೂ ಕಡೆ ದೊಡ್ಡ ದೋಣಿಗಳು ದಡದಲ್ಲಿರುತ್ತವೆ. ಆಗ ಸಮುದ್ರದ ಮೀನು ಕಡಿಮೆಯಾಗಿ ಕಟ್ಲಾ, ರೋಹು, ಜಿಲೇಬಿ ಇಂಥ ಕೆರೆ, ಜಲಾಶಯಗಳ ಮೀನು ಮುಂದೆ ಬರುತ್ತದೆ. ಇಸ್ವಾಣ, ಪಾಂಪ್ಲೆಟ್, ಸಿಗಡಿ ಎಲ್ಲ ಒಟ್ಟಿಗೆ ಬೇಕೆನ್ನುವವರು ಮಳೆ ಮುಗಿದ ಮೇಲೆ ಹೋಗಬೇಕು.

ಈಗ ಬೆಳಕಿನ ಮಾತು. ಹೊಸಬರು ಹೆಚ್ಚು ಸೋಲುವುದು ಇಲ್ಲೇ. ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7 ಗಂಟೆಗೆ, ಜೂನ್ ಮೊದಲಿಗೆ 6ರ ಸುಮಾರಿಗೆ. ಹುಟ್ಟುವುದಕ್ಕಿಂತ 20, 25 ನಿಮಿಷ ಮೊದಲು ಆಕಾಶ ನೀಲಿಯಾಗುತ್ತದೆ, ಅಂಗಡಿಯ ಬಲ್ಬು ಇನ್ನೂ ಉರಿಯುತ್ತಿರುತ್ತದೆ. ಆ ನೀಲಿ, ಈ ಹಳದಿ ಎರಡೂ ಒದ್ದೆ ನೆಲದಲ್ಲಿ ಮೂಡುವ ಹೊತ್ತು ಅದು. ಅದಕ್ಕಿಂತ ಮೊದಲು ಪೂರ್ತಿ ಟ್ಯೂಬ್‌ಲೈಟು, ಎಲ್‌ಇಡಿ.

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ತೆರೆದಿರುವ ಹೊತ್ತು 1/250 ಸೆಕೆಂಡು ಅಥವಾ ಇನ್ನೂ ವೇಗ ಇಟ್ಟರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬೀಳುತ್ತವೆ, ಇಲ್ಲವೇ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು. 1/100 ಅಥವಾ 1/50 ಇಟ್ಟರೆ ಆ ತೊಂದರೆ ಹೋಗುತ್ತದೆ. ಲೆನ್ಸಿನ ಕಿಂಡಿ ಎಫ್ 1.8 ಅಥವಾ 2, ಬೆಳಕು ಹಿಡಿಯುವ ಸೂಕ್ಷ್ಮತೆ ಅಂದರೆ ಐಎಸ್‌ಒ 1600ರಿಂದ 3200, ಇಷ್ಟರಿಂದ ಶುರುಮಾಡಿ. ಆಡುವ ಕೈ ಸ್ವಲ್ಪ ಕದಡಿದರೆ ಕದಡಲಿ, ಮುಖ ನಿಂತಿದ್ದರೆ ಸಾಕು.

ಮೊಬೈಲಿನಲ್ಲಿ ತೆಗೆಯುವವರು ನೈಟ್ ಮೋಡ್ ಬಂದ್ ಮಾಡಿಬಿಡಿ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಬುಟ್ಟಿ ಹೊತ್ತು ಓಡುವ ಹಮಾಲನಿಗೆ ಎರಡು ತಲೆ, ಮೂರು ಕೈ ಬರುವುದು ಅದರಿಂದಲೇ.

ಬಣ್ಣಕ್ಕೆ ಒಂದು ಸುಲಭ ಉಪಾಯವಿದೆ. ಬಿಳಿ ಥರ್ಮಾಕೋಲ್ ಪೆಟ್ಟಿಗೆ ಎಲ್ಲೆಡೆ ಬಿದ್ದಿರುತ್ತದೆ. ಅಲ್ಲಿನ ಬಲ್ಬಿನ ಕೆಳಗೆ ಅದನ್ನು ತೆಗೆದು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ, ಹೊಂದಿಸಿಕೊಳ್ಳಿ. ಆಟೋ ಮೇಲೆ ಬಿಟ್ಟರೆ ಹಸಿರು ಕ್ರೇಟ್ ಒಂದು ಬಣ್ಣ, ನೀಲಿ ತಾಡಪತ್ರಿ ಇನ್ನೊಂದು ಬಣ್ಣ ತೋರಿಸಿ ಪ್ರತಿ ಚಿತ್ರವೂ ಬೇರೆಯಾಗುತ್ತದೆ. ಕಿವಿರಿನ ಕೆಂಪು ಇದರಲ್ಲಿ ಮುಖ್ಯ. ಕೊಳ್ಳುವವರು ಮೀನಿನ ಕಿವಿರು ಎತ್ತಿ ನೋಡುವುದು ಆ ಕೆಂಪಿಗಾಗಿ. ತಾಜಾ ಮೀನಿನದು ಕಡುಗೆಂಪು, ಕಣ್ಣು ಉಬ್ಬಿ ತಿಳಿಯಾಗಿರುತ್ತದೆ. ಹಳೆಯದರದು ಕಂದು, ಕಣ್ಣು ಒಳಗೆ ಕುಸಿದು ಹಾಲಿನಂತೆ ಮಬ್ಬು. ಬಣ್ಣ ತಪ್ಪಿದರೆ ನಿಮ್ಮ ಚಿತ್ರದಲ್ಲಿ ಒಳ್ಳೆಯ ಮೀನೂ ಹಳಸಿದ್ದಾಗಿ ಕಾಣುತ್ತದೆ. ಅದು ಮಾರುವವರಿಗೆ ಮಾಡುವ ಅನ್ಯಾಯ.

ಬೆಳಕಿನ ಅಳತೆಯೂ ಮೋಸ ಮಾಡುತ್ತದೆ. ಚೌಕಟ್ಟಿನ ತುಂಬ ಬರ್ಫವಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡುತ್ತದೆ, ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಿ. ಸುತ್ತ ಕತ್ತಲಿದ್ದು ನಡುವೆ ಒಂದೇ ಬಲ್ಬಿದ್ದರೆ ಒಂದು ಸ್ಟಾಪ್ ಇಳಿಸಿ. ಇಲ್ಲವಾದರೆ ಬಂಗುಡೆಯ ಬೆನ್ನಿನ ನೀಲಿಹಸಿರು, ಅದರ ಮೇಲಿನ ಉದ್ದುದ್ದ ಕಪ್ಪು ಗೆರೆ ಎಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಹೊಟ್ಟೆಯ ಬೆಳ್ಳಿ ಕನ್ನಡಿಯಾಗಿ ತಿರುಗಿ ಹೊಡೆಯುತ್ತದೆ, ತೂಕ ನೋಡುವವರ ಕಣ್ಣು ಕತ್ತಲಿಡುತ್ತದೆ.

ಇಡೀ ನಸುಕಿನಲ್ಲಿ ತಪ್ಪಿಸಿಕೊಳ್ಳಬಾರದ ಕ್ಷಣವೆಂದರೆ ಗಾಡಿಯ ಬಾಗಿಲು ತೆರೆಯುವುದು. ಮೀನಿನ ತೂಕದಷ್ಟೇ ಬರ್ಫ ಹಾಕುವುದು ನಮ್ಮ ಸೆಕೆಗೆ ಒಪ್ಪಿದ ಲೆಕ್ಕ. ಆ ತಂಪು ಗಾಳಿ ಹೊರಗಿನ ತೇವಕ್ಕೆ ತಾಗಿದ ಕೂಡಲೇ ಬಿಳಿ ಹಬೆಯಾಗಿ ಹೊಸ್ತಿಲು ದಾಟಿ ನೆಲಕ್ಕೆ ಇಳಿಯುತ್ತದೆ. ಹಿಂದೆ ಬಲ್ಬಿದ್ದರೆ ಹಮಾಲರ ಕಾಲು ಮಾತ್ರ ಕಪ್ಪಾಗಿ ಕಾಣುತ್ತದೆ. ಕೆಲವೇ ಕ್ಷಣ, ಮತ್ತೆ ಇಲ್ಲ. ಬಾಗಿಲಿನ ಒಂದು ಮಗ್ಗುಲಿಗೆ ಮೊದಲೇ ನಿಂತು ಫೋಕಸ್ ಹಿಡಿದಿಡಿ. ಎದುರಿಗೆ ನಿಂತರೆ ಕ್ರೇಟ್ ಇಳಿಸುವವರಿಗೆ ಅಡ್ಡ.

ಹಬೆಯ ಆಸೆಗೆ ಕ್ಯಾಮೆರಾವನ್ನು ಗಾಡಿಯೊಳಗೆ ಬಹಳ ಹೊತ್ತು ಇಡಬೇಡಿ. ತಣ್ಣಗಾದ ಗಾಜು ಹೊರಗೆ ಬಂದೊಡನೆ ಬೆವರುತ್ತದೆ. ಹಾಗಾದರೆ ಚೀಲದಲ್ಲಿ ಮುಚ್ಚಿ 15, 20 ನಿಮಿಷ ಬಿಡಿ, ಒರೆಸುತ್ತ ಕೂರಬೇಡಿ. ಲೆನ್ಸು ಅಲ್ಲಿ ಬದಲಿಸಲೂಬೇಡಿ, ಹುರುಪೆ ಹಾರುತ್ತಿರುತ್ತವೆ. 28 ಅಥವಾ 35 ಮಿಲಿಮೀಟರಿನ ಒಂದೇ ಲೆನ್ಸು ಸಾಕು. ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆಯುವುದು ಕದ್ದು ನೋಡಿದಂತಾಗುತ್ತದೆ. ನೆಲದಲ್ಲಿ ಲೋಳೆಯೂ ಬರ್ಫದ ನೀರೂ ಸೇರಿರುತ್ತದೆ, ಹವಾಯಿ ಚಪ್ಪಲಿ ಜಾರುತ್ತದೆ. ಹಲ್ಲಿರುವ ಗಮ್‌ಬೂಟು ಹಾಕಿ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಉಪ್ಪು ಒಣಗಿ ಕೂತರೆ ಗುಂಡಿಗಳು ಬಿಗಿಯುತ್ತವೆ.

ಸವಾಲು ಕೂಗುವಾಗ ದಲಾಲರಿಗೂ ಕೊಳ್ಳುವವರಿಗೂ ನಡುವೆ ಹೋಗಬೇಡಿ. ಕಣ್ಸನ್ನೆ, ಬೆರಳು, ತಲೆಯಾಡಿಸುವುದು, ಇವುಗಳಲ್ಲೇ ದರ ಏರುತ್ತದೆ. ನೀವು ಅಡ್ಡ ಬಂದ ಅರೆಕ್ಷಣದಲ್ಲಿ ಒಬ್ಬರ ಮಾಲು ಕೈತಪ್ಪಬಹುದು. ದಲಾಲರ ಬೆನ್ನ ಹಿಂದೆ ನಿಂತರೆ ಕೊಳ್ಳುವವರ ಮುಖಗಳೆಲ್ಲ ನಿಮ್ಮ ಕಡೆಗೇ ಇರುತ್ತವೆ, ಚಿತ್ರಕ್ಕೂ ಅದೇ ಒಳ್ಳೆಯದು.

ಬುಟ್ಟಿ ಹಿಡಿದು ಕಾಯುವ ಹೆಣ್ಣುಮಕ್ಕಳನ್ನು ಕೇಳಿಯೇ ತೆಗೆಯಬೇಕು. “ಅಕ್ಕಾರ, ಒಂದು ಫೋಟೋ ತಗೀಲೇನ್ರಿ?” ಅಂದರೆ ಸಾಕು. “ಬ್ಯಾಡ್ರಿ” ಅಂದರೆ ಕ್ಯಾಮೆರಾ ಇಳಿಸಿ. “ತಡೀರಿ, ಬೋಣಿ ಆಗ್ಲಿ” ಅಂದರೆ ಅದು ಒಪ್ಪಿಗೆ, ಆದರೆ ಮೊದಲ ವ್ಯಾಪಾರ ಆಗುವವರೆಗೆ ದೂರ ಇರಿ. ತೆಗೆದ ಮೇಲೆ ಪರದೆಯಲ್ಲಿ ತೋರಿಸಿ. ವಾರದೊಳಗೆ 4 ಇಂಚು 6 ಇಂಚಿನ ಪ್ರಿಂಟು ಹಾಕಿಸಿ ಅವರ ಕೈಗೇ ಮುಟ್ಟಿಸಿ. ಲ್ಯಾಮಿನೇಷನ್ ಮಾಡಿಸುವುದು ಮರೆಯಬೇಡಿ, ಅದನ್ನು ಹಿಡಿಯುವ ಕೈ ಒದ್ದೆಯಾಗಿರುತ್ತದೆ.

ನಮಸ್ಕಾರ.