ಒಂದು ಬೋಲ್ಟು ಸಡಿಲವಾದರೆ

ಕೇಳುಗರೇ, ನಮಸ್ಕಾರ.

1984ರ ಜುಲೈ. ಇಂಗ್ಲೆಂಡಿನ ಓಲ್ಡ್ ಡಾಲ್ಬಿಯಲ್ಲಿ, ಅಣುಸ್ಥಾವರದ ಬಳಸಿ ಮುಗಿದ ಇಂಧನ ಸಾಗಿಸುವ ಉಕ್ಕಿನ ಪೆಟ್ಟಿಗೆಯೊಂದನ್ನು ಹಳಿಗೆ ಅಡ್ಡ ಇಟ್ಟು, ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ರೈಲು ಗುದ್ದಿಸಿದರು. ಜನರನ್ನು ಕರೆಸಿ ತೋರಿಸಿದ ಪರೀಕ್ಷೆ ಅದು. ಎಂಜಿನ್ ನಜ್ಜುಗುಜ್ಜಾಯಿತು, ಪೆಟ್ಟಿಗೆ ಬಾಯಿ ಬಿಡಲಿಲ್ಲ.

ಇಂಥ ಪೆಟ್ಟಿಗೆಗಳು 'ಟೈಪ್ ಬಿ' ವರ್ಗದವು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನಿಯಮದಂತೆ ಇವನ್ನು 9 ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸುತ್ತಾರೆ, ಉಕ್ಕಿನ ಗೂಟದ ಮೇಲೆ ಕೆಡವುತ್ತಾರೆ, ಆಮೇಲೆ 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ.

ಬೆಂಗಳೂರಿನ ಆಸ್ಪತ್ರೆಗಳಿಗೆ ಥೈರಾಯ್ಡ್ ಚಿಕಿತ್ಸೆಗೆ ಬರುವ ಅಯೋಡಿನ್-131ಕ್ಕೆ ಇಷ್ಟು ಬೇಕಿಲ್ಲ. ಎಂಟು ದಿನಕ್ಕೆ ವಿಕಿರಣ ಅರ್ಧವಾಗುವ ಸರಕು ಅದು, ಬೇಗ ತಲುಪಬೇಕು. ಸಾಮಾನ್ಯವಾಗಿ ಅದು ಬರುವುದು 'ಟೈಪ್ ಎ'ಯಲ್ಲಿ. ಮಳೆ, 1.2 ಮೀಟರಿನಿಂದ ಬೀಳುವುದು, ಮೇಲೆ ಹೇರಿದ ಭಾರ, ಇಂಥವನ್ನು ತಡೆದುಕೊಂಡರೆ ಸಾಕು. ಭಾರೀ ಅಪಘಾತದಲ್ಲಿ ಅದು ಒಡೆಯಬಹುದು ಎಂದು ಒಪ್ಪಿಕೊಂಡೇ ಒಳಗೆ ಇಡುವ ಪ್ರಮಾಣಕ್ಕೆ ಮಿತಿ ಹಾಕಿದ್ದಾರೆ. ಈ ಲೆಕ್ಕಾಚಾರ ನನಗೆ ಇಷ್ಟ.

ಆದರೆ ಅದೇ ನಿಯಮಾವಳಿಯಲ್ಲಿ ಯಾರೂ ಚಪ್ಪಾಳೆ ತಟ್ಟದ ಒಂದು ಸಾಲಿದೆ: ದಾರಿಯ ಕುಲುಕಾಟಕ್ಕೆ ನಟ್ಟು, ಬೋಲ್ಟು ಸಡಿಲವಾಗಬಾರದು, ಎಷ್ಟು ಸಲ ಬಳಸಿದರೂ.

2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಬ್ಬಿಣದ ಗಣಿಯೊಂದರಿಂದ ಅದಿರಿನ ಸಾಂದ್ರತೆ ಅಳೆಯುವ ಗೇಜೊಂದು ಲಾರಿ ಹತ್ತಿ, ಸುಮಾರು 1,400 ಕಿಲೋಮೀಟರ್ ದೂರದ ಪರ್ತ್‌ಗೆ ಬಂತು. ತಲುಪಿದ್ದು 16ಕ್ಕೆ. ಪೆಟ್ಟಿಗೆ ಬಿಚ್ಚಿದ್ದು 25ಕ್ಕೆ! ಗೇಜು ಕಳಚಿಕೊಂಡಿತ್ತು, ನಾಲ್ಕು ಬೋಲ್ಟುಗಳಲ್ಲಿ ಒಂದಿಲ್ಲ, ಸ್ಕ್ರೂಗಳಿಲ್ಲ, ವಿಕಿರಣ ಸೂಸುವ ಸೀಸಿಯಂ-137 ತುಂಬಿದ ಕ್ಯಾಪ್ಸೂಲೂ ಇಲ್ಲ. ಕಡಲೆಕಾಳಿನಷ್ಟು, 8 ಮಿಲಿಮೀಟರ್ ಉದ್ದ. ಒಂದು ಮೀಟರ್ ದೂರದಲ್ಲಿ ಗಂಟೆ ಹೊತ್ತು ನಿಂತರೆ ಹತ್ತು ಎಕ್ಸ್-ರೇ ತೆಗೆಸಿಕೊಂಡಷ್ಟು ವಿಕಿರಣ. ಬೋಲ್ಟಿನ ತೂತಿನಿಂದಲೇ ಜಾರಿರಬೇಕು ಎಂಬುದು ಅಧಿಕಾರಿಗಳ ಅಂದಾಜು.

ಆ ಇಡೀ ಹೆದ್ದಾರಿಯನ್ನು ಜಾಲಾಡಬೇಕಾಯಿತು. ಫೆಬ್ರವರಿ 1ರಂದು, 70 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದ ಶೋಧ ವಾಹನದ ಉಪಕರಣ ಸದ್ದು ಮಾಡಿತು. ನ್ಯೂಮನ್ ಪಟ್ಟಣದ ದಕ್ಷಿಣಕ್ಕೆ, ರಸ್ತೆಯಂಚಿನಿಂದ ಎರಡು ಮೀಟರ್ ಆಚೆ ಬಿದ್ದಿತ್ತು. ಯಾರಿಗೂ ಹಾನಿಯಾದ ವರದಿ ಬರಲಿಲ್ಲ.

ದಂಡದ ಮಾತು ಬಂದಾಗ ಆ ರಾಜ್ಯದ ಜನ ದಂಗಾದರು. ಅಲ್ಲಿನ ಹಳೆಯ ವಿಕಿರಣ ಸುರಕ್ಷತಾ ಕಾನೂನಿನಲ್ಲಿ ಇಂಥ ತಪ್ಪಿಗೆ ಇದ್ದ ಗರಿಷ್ಠ ದಂಡ 1,000 ಡಾಲರ್; ತಪ್ಪು ಮುಂದುವರಿದರೆ ದಿನಕ್ಕೆ ಮತ್ತೆ 50.

ನಮಸ್ಕಾರ.