ಹೆಬ್ಬೆಟ್ಟು ಒತ್ತಿದ ಆ ರಾತ್ರಿ

ಎಲ್ಲರಿಗೂ ನಮಸ್ಕಾರ.

ಯುದ್ಧದಲ್ಲಿ ಸೆರೆ ಸಿಕ್ಕ ಮಕ್ಕಳಿಗೆ ನ್ಯಾಯವಾದ ವಿಚಾರಣೆ ಸಿಗಬೇಕು ಅನ್ನುವಾಗ ನಮಗೆ ಕೋರ್ಟು, ಕಟಕಟೆ, ಜಡ್ಜು ನೆನಪಾಗುತ್ತಾರೆ. ಆದರೆ ಮಗು ಅಲ್ಲಿಗೆ ಬರುವ ಹೊತ್ತಿಗೆ ಕೇಸು ಮುಕ್ಕಾಲು ಮುಗಿದಿರುತ್ತದೆ. ಹಿಡಿದ ದಿನ ರಾತ್ರಿ ಏನಾಯಿತು ಅನ್ನುವುದೇ ಮುಖ್ಯ. ಅದಕ್ಕೆ ಒಬ್ಬ ಹುಡುಗನ ಕೇಸು ಹೇಳುತ್ತೇನೆ.

2002ರ ಡಿಸೆಂಬರ್ 17, ಕಾಬೂಲ್. ಅಮೆರಿಕದ ಸೈನಿಕರ ಜೀಪಿಗೆ ಯಾರೋ ಗ್ರೆನೇಡ್ ಎಸೆದರು. ಇಬ್ಬರು ಸೈನಿಕರಿಗೆ, ಅವರ ಅಫ್ಘನ್ ದುಭಾಷಿಗೆ ಗಾಯವಾಯಿತು. ಅಫ್ಘನ್ ಪೊಲೀಸರು ಮೊಹಮ್ಮದ್ ಜವಾದ್ ಎಂಬ ಹುಡುಗನನ್ನು ಹಿಡಿದರು. ಒಪ್ಪಿಕೊಳ್ಳದಿದ್ದರೆ ನಿನ್ನನ್ನೂ ನಿನ್ನ ಮನೆಯವರನ್ನೂ ಕೊಲ್ಲುತ್ತೇವೆ ಎಂದು ಹೆದರಿಸಿದರು. ಹೇಳಿಕೆ ಬರೆದದ್ದು ಫಾರ್ಸಿಯಲ್ಲಿ. ಹುಡುಗನ ಮಾತು ಪಶ್ತೋ, ಓದು ಬರಹವೂ ಸರಿಯಾಗಿ ಬರುತ್ತಿರಲಿಲ್ಲ. ಸುಮ್ನೆ ಹೆಬ್ಬೆಟ್ಟು ಒತ್ತಿದ. ಅದೇ ರಾತ್ರಿ ಅವನನ್ನು ಅಮೆರಿಕದವರಿಗೆ ಒಪ್ಪಿಸಿದರು. ಅಲ್ಲೂ ತಪ್ಪೊಪ್ಪಿಗೆ ಪಡೆದರು.

ವಯಸ್ಸು ಎಷ್ಟು? ಮನೆಯವರ ಪ್ರಕಾರ ಸುಮಾರು 12. ಅಮೆರಿಕ ಮೂಳೆ ಪರೀಕ್ಷೆ ಮಾಡಿಸಿ, ಕ್ಯೂಬಾದಲ್ಲಿರುವ ತನ್ನ ಸೇನಾ ಜೈಲು ಗ್ವಾಂಟಾನಾಮೊಗೆ ತರುವಾಗ 18ರ ಹತ್ತಿರ ಇದ್ದ ಎಂದಿತು. ನಮ್ಮ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮೊದಲು ಶಾಲೆಯ ಪ್ರಮಾಣಪತ್ರ, ಆಮೇಲೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಯಾಕೆಂದರೆ ಅದರಲ್ಲಿ ಒಂದೆರಡು ವರ್ಷ ಆಚೀಚೆ ಆಗುತ್ತದೆ. ಅನುಮಾನ ಇದ್ದರೆ ಮಗು ಎಂದೇ ನಡೆಸಿಕೊಳ್ಳಬೇಕು, ಅಲ್ವಾ? ಯುದ್ಧದಲ್ಲಿ ಬಳಕೆಯಾದ ಮಕ್ಕಳಿಗೆ ಪುನರ್ವಸತಿ ಕೊಡಬೇಕೆನ್ನುವ ವಿಶ್ವಸಂಸ್ಥೆಯ ಒಪ್ಪಂದವನ್ನು ಅಮೆರಿಕ ಅನುಮೋದಿಸಿದ್ದು ಹುಡುಗ ಸಿಕ್ಕ ಅದೇ 2002ರ ಡಿಸೆಂಬರ್‌ನಲ್ಲಿ. ಅದಾದ ಮೇಲೂ 2003ರ ಫೆಬ್ರವರಿಯಲ್ಲಿ ಹುಡುಗನನ್ನು ಗ್ವಾಂಟಾನಾಮೊಗೆ ಸಾಗಿಸಿತು.

ಆ ವರ್ಷದ ಕ್ರಿಸ್‌ಮಸ್ ದಿನ ಅವನು ಆತ್ಮಹತ್ಯೆಗೆ ಪ್ರಯತ್ನಿಸಿದ. 2004ರ ಮೇ ತಿಂಗಳಲ್ಲಿ 14 ದಿನದಲ್ಲಿ 112 ಸಲ ಅವನ ಸೆಲ್ ಬದಲಿಸಿದರು. ಅಂದರೆ ಮೂರು ಗಂಟೆಗೊಮ್ಮೆ ಎಬ್ಬಿಸಿ, ಸಂಕೋಲೆ ಹಾಕಿ, ಇನ್ನೊಂದು ಸೆಲ್‌ಗೆ. ಹಗಲೂ ರಾತ್ರಿಯೂ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಫ್ರೀಕ್ವೆಂಟ್ ಫ್ಲೈಯರ್’, ಅಂದರೆ ಪದೇ ಪದೇ ವಿಮಾನ ಹತ್ತುವವನು. ಇದನ್ನು ಬಯಲು ಮಾಡಿದ್ದು ಜೈಲಿನ ದಾಖಲೆಗಳೇ.

ಆರೋಪ ಹೊರಿಸಿದ್ದು 2007ರ ಅಕ್ಟೋಬರ್‌ನಲ್ಲಿ, ಹಿಡಿದು ಐದು ವರ್ಷ ಆಗುತ್ತ ಬಂದಾಗ.

ಈ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ವ್ಯಕ್ತಿ ಸರ್ಕಾರದ ಕಡೆಯ ವಕೀಲರು. ಲೆಫ್ಟಿನೆಂಟ್ ಕರ್ನಲ್ ಡ್ಯಾರೆಲ್ ವಾಂಡೆವೆಲ್ಡ್ ಹುಡುಗನಿಗೆ ಶಿಕ್ಷೆ ಕೊಡಿಸಲೆಂದೇ ಬಂದವರು. ಕಾಗದಪತ್ರ ನೋಡುತ್ತ ಹೋದಂತೆ, ಹುಡುಗನ ಪರವಾಗಿರುವ ಸಾಕ್ಷ್ಯ ಅವನ ವಕೀಲರಿಗೆ ತಲುಪುತ್ತಿಲ್ಲ ಎಂದು ಗೊತ್ತಾಯಿತು. 2008ರಲ್ಲಿ ಕೇಸು ಬಿಟ್ಟು ಹೊರಬಂದರು. ಆಮೇಲೆ ಹುಡುಗನ ಪರವಾಗಿಯೇ ಹೇಳಿಕೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಿಲಿಟರಿ ನ್ಯಾಯಾಧೀಶ ಸ್ಟೀಫನ್ ಹೆನ್ಲಿ, ಕೊಲೆ ಬೆದರಿಕೆಯಿಂದ ಪಡೆದದ್ದು ಹಿಂಸೆಯಿಂದ ಪಡೆದದ್ದೇ ಎಂದು ಅಫ್ಘನ್ ಪೊಲೀಸರು ಬರೆಸಿಕೊಂಡ ಹೇಳಿಕೆಯನ್ನು ತಳ್ಳಿಹಾಕಿದರು. ಅಮೆರಿಕದವರ ಎದುರು ಕೊಟ್ಟ ತಪ್ಪೊಪ್ಪಿಗೆಯೂ ಆಮೇಲೆ ಬಿದ್ದುಹೋಯಿತು. 2009ರ ಜುಲೈನಲ್ಲಿ ನ್ಯಾಯಾಧೀಶೆ ಎಲೆನ್ ಹುವೆಲ್ ಬಿಡುಗಡೆಗೆ ಆದೇಶಿಸಿದರು. ಆಗಸ್ಟ್‌ನಲ್ಲಿ ಅವನು ಅಫ್ಘಾನಿಸ್ತಾನಕ್ಕೆ ಮರಳಿದ.

ಎಲ್ಲರ ಕೇಸೂ ಹೀಗಾಗಲಿಲ್ಲ. ಕೆನಡಾದ ಒಮರ್ ಖದರ್ 2002ರ ಜುಲೈನಲ್ಲಿ ಅಫ್ಘಾನಿಸ್ತಾನದ ಖೋಸ್ತ್ ಬಳಿ ಅಮೆರಿಕದ ಸೈನಿಕರಿಗೆ ಸಿಕ್ಕಾಗ 15 ವರ್ಷ, ಮೈತುಂಬ ಗಾಯ. ವಕೀಲರ ಮುಖ ನೋಡಿದ್ದು 2004ರ ನವೆಂಬರ್‌ನಲ್ಲಿ. ಜೈಲಿನಲ್ಲಿ ಅತ್ಯಾಚಾರಕ್ಕೊಳಗಾಗಿ ಸತ್ತ ಹುಡುಗನೊಬ್ಬನ ಕಟ್ಟುಕಥೆ ಹೇಳಿ ಹೆದರಿಸಿದ್ದೆ ಎಂದು ವಿಚಾರಣೆ ಮಾಡಿದವನೇ ಸಾಕ್ಷಿ ಹೇಳಿದ. ಆದರೂ 2010ರಲ್ಲಿ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪಿಕೊಂಡರು. ಆಮೇಲೆ ಅವನು ತಪ್ಪೊಪ್ಪಿಕೊಂಡು ಶಿಕ್ಷೆಯ ರಾಜಿಗೆ ಸಹಿ ಹಾಕಿದ. ತಾನೂ ಅವನ ಹಕ್ಕು ಮೀರಿದ್ದಕ್ಕೆ ಕೆನಡಾ ಸರ್ಕಾರ 2017ರಲ್ಲಿ ಕ್ಷಮೆ ಕೇಳಿ, ಒಂದು ಕೋಟಿ ಕೆನಡಾ ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟಿತು.

ಹಾಗಾದರೆ ಮಕ್ಕಳನ್ನು ಏನೂ ಕೇಳಬಾರದಾ? ಕೇಳಬೇಕು. ಆದರೆ ಕೇಸು ಹಾಕುವುದು ಬೇರೆ ಮಾತು. ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಯುದ್ಧಾಪರಾಧಗಳಿಗಾಗಿ ಇದ್ದ ವಿಶೇಷ ನ್ಯಾಯಾಲಯಕ್ಕೆ 15 ದಾಟಿದವರ ಮೇಲೆ ಕೇಸು ಹಾಕುವ ಅಧಿಕಾರ ಇತ್ತು. ಪ್ರಾಸಿಕ್ಯೂಟರ್ ಡೇವಿಡ್ ಕ್ರೇನ್ ಮಕ್ಕಳ ಮೇಲೆ ಹಾಕುವುದಿಲ್ಲ ಎಂದರು, ಅವರನ್ನು ಯುದ್ಧಕ್ಕೆ ಎಳೆದ ದೊಡ್ಡವರ ಮೇಲೆ ಹಾಕಿದರು. ನನಗೂ ಅದೇ ಸರಿ ಅನಿಸುತ್ತದೆ. ವಿಚಾರಣೆ ಮಾಡಲೇಬೇಕೆಂದರೆ ಮೊದಲ ಗಂಟೆಯಲ್ಲೇ ವಯಸ್ಸು ಕೇಳಿ, ಅವನ ಭಾಷೆಯಲ್ಲೇ ಮಾತಾಡಿ, ಪಕ್ಕದಲ್ಲಿ ಒಬ್ಬ ವಕೀಲರನ್ನು ಕೂರಿಸಿ. ಇದು ಮಗುವಿನ ಮೇಲಿನ ಕನಿಕರಕ್ಕೆ ಮಾತ್ರ ಅಲ್ಲ. ಆ ಜೀಪಿನಲ್ಲಿ ಗಾಯಗೊಂಡ ಮೂವರಿಗೂ ಈ ಕೇಸಿನಿಂದ ಏನೂ ಸಿಗಲಿಲ್ಲ. ಗ್ರೆನೇಡ್ ಎಸೆದದ್ದು ಯಾರು ಎಂದು ಸುಮಾರು ಏಳು ವರ್ಷವಾದರೂ ಕೋರ್ಟಿನಲ್ಲಿ ಸಾಬೀತಾಗಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಿ.