ಗಚ್ಚಿ ಮ್ಯಾಲೆ ಬಂಗಾರದ ದೋಣಿ

ಈ ಬುಟ್ಟಿಯೊಳಗ ನಾ ಈಗ ಕಲಸಾಕತ್ತಿರೋದು ಬಂಗಾರ ಅಲ್ಲರಿ, ಸೀಸ. ಏರ್‌ಗನ್ನಿನ ಗುಂಡು ಸುತ್ತಿಗಿಲೆ ಬಡಿದು ಚಪ್ಪಟಿ ಮಾಡೀನಿ. ಎಣಿಸಿ 50 ಅದಾವು. ಅದರ ಜೋಡಿ ಇರೋದು ಕ್ರಶ್ ಸ್ಯಾಂಡ್, ಅಂದ್ರ ಕಲ್ಲು ಪುಡಿ ಮಾಡಿದ ಉಸುಕು, ಬಾಜೂ ಬಿಲ್ಡಿಂಗ್ ಕೆಲಸದವರ ಕಡೆ ಕೇಳಿ ತಂದದ್ದು. ಜಾಗ ಪುಣೆ, ಕೋಥ್ರೂಡ್, ನಮ್ಮನಿ ಗಚ್ಚಿ.

ನಮ್ಮೂರು ಗದಗ ಜಿಲ್ಲಾ, ಕಪ್ಪತಗುಡ್ಡದ ಮಗ್ಗಲ. ಹಳ್ಳದ ಉಸುಕು ತೊಳೆದು ಬಂಗಾರ ತೆಗೀತಿದ್ದ ಜಲಗಾರರ ಸುದ್ದಿ ಕೇಳಕೋತ ಬೆಳೆದಂವ ನಾ. ಹಂಗಾರ ಅಲ್ಲೇ ಹೋಗಿ ತೊಳಿಯಲಾ ಅಂತೀರಿ. ಗುಡ್ಡ 2019ರಿಂದ ವನ್ಯಜೀವಿಧಾಮ ಐತ್ರಿ, ಕೈ ಹಚ್ಚಂಗಿಲ್ಲ. ಇಲ್ಲಿ ಮುಳಾ-ಮುಠಾದಾಗ ಹುಡುಕೂಣಂದ್ರ ತಳಕ್ಕೆಲ್ಲಾ ಬಸಾಲ್ಟ್, ಲಾವಾ ಆರಿ ಆದ ಕಲ್ಲು. ಅದರಾಗ ಬಂಗಾರದ ಆಸೆ ಬ್ಯಾಡ. ಅದಕ್ಕ ಮದಲ ಕೈ ಪಳಗಲಿ ಅಂತ ಈ ಸೀಸದಾಟ.

ಇದು ಸ್ಲೂಯಿಸ್ ಬಾಕ್ಸ್, ನೀರು ಹರಿಸಿ ಉಸುಕಿನಾಗಿಂದ ಬಂಗಾರ ಬ್ಯಾರೆ ಮಾಡೋ ಡಬ್ಬಿ. ನಾ ದೋಣಿ ಅಂತೀನಿ. ಉದ್ದ 60 ಸೆಂಟಿಮೀಟರ್, ಅಗಲ 15, ಬ್ಯಾಗಿನಾಗ ಹಿಡೀತೈತಿ. ತಳಕ್ಕ ಗೀರು ಇರೋ ರಬ್ಬರ್ ಮ್ಯಾಟ್, ಅದರ ಮ್ಯಾಲೆ ಅಡ್ಡಪಟ್ಟಿ. ನೀರು ಪಟ್ಟಿ ದಾಟಿದ ಕೂಡ್ಲೆ ಹಿಂದ ಸಣ್ಣ ಸುಳಿ ಏಳತೈತಿ. ಹಗೂರ ಇದ್ದದ್ದು ತೇಲಿ ಹೋಗತೈತಿ, ಭಾರ ಇದ್ದದ್ದು ಸುಳಿಯೊಳಗ ಕುಂದರತೈತಿ. ನೀರಿಗಿಂತ ಬಂಗಾರ 19 ಪಟ್ಟು ಭಾರ, ಸೀಸ 11, ಈ ಕಲ್ಲಿನ ಪುಡಿ ಹತ್ತತ್ರ 3. ಸೀಸಾನ ನಿಲ್ಲಿಸಾಕ ಬಂದ್ರ ಅಷ್ಟೇ ದಪ್ಪದ ಬಂಗಾರ ಎಲ್ಲಿ ಹೋಗತೈತಿ?

ಮದಲ ಕೂಲರಿನ ಪಂಪ್ ಹಚ್ಚಿದೆ. ನೀರು ಬರೇ ಸೋರಿದಂಗ ಬಂತು, ಉಸುಕು ಇದ್ದಲ್ಲೇ ಕೂತು ಗಟ್ಟಿ ಆತು. ಆಮ್ಯಾಲೆ ಅರ್ಧ ಎಚ್‌ಪಿ ಪಂಪ್ ತಂದು ಸಿಟ್ಟಿನಾಗ ಹಿಂದ ಎರಡು ಇಟ್ಟಂಗಿ ಕೊಟ್ಟೆ, ಮಗ್ಗಿಲೆ ಉಸುಕು ಸುರುವಿದೆ. ದೋಣಿಯೊಳಗ ಉಳಿದ ಸೀಸ 19. ಬಾಕಿ ಎಲ್ಲಾ ಕೆಳಗ ಟಬ್ಬಿಗೆ.

ಅರಬಿ ತಗೊಳ್ಳಾಕ ಬಂದ ಅವ್ವ ನೋಡಕೋತ ನಿಂತಿದ್ಲು. "ಅಕ್ಕಿ ಜಾಲಿಸೂದು ನೋಡೇ ಇಲ್ಲೇನೋ? ಬೋಗುಣಿ ಒಮ್ಮೆಲೇ ಬಗ್ಗಿಸಿದ್ರ ಹರಳೂ ಅಕ್ಕಿ ಕೂಡ ಹೋಗತಾವ."

ಮೂರು ದಿನ ವಿಡಿಯೋ ನೋಡಿ ನನಗ ತಿಳಿದಿರಲಿಲ್ಲ ನೋಡ್ರಿ ಇದು.

ಒಂದು ಇಟ್ಟಂಗಿ ತೆಗೆದೆ. ಈ ತುದಿಗೂ ಆ ತುದಿಗೂ ಈಗ 5 ಸೆಂಟಿಮೀಟರ್ ಇಳಿಜಾರು. ಉಸುಕು ಜರಡಿ ಹಿಡಿದು ದಪ್ಪ ಹರಳು ತೆಗೆದೆ; ದೊಡ್ಡ ಕಲ್ಲು ಉಳ್ಳಿದ್ರ ಸುಳಿ ಕೆಡತೈತಿ. ಆಮ್ಯಾಲೆ ಒಂದೊಂದ ಚಮಚ. ಕ್ಯಾಮೆರಾ ಹತ್ರ ತರತೀನಿ, ಪಟ್ಟಿ ಹಿಂದ ನೋಡ್ರಿ: ಉಸುಕು ಕುಣಿಯಾಕತ್ತೈತಿ. ಹಿಂಗ ಕುಣೀತಿರಬೇಕು. ಗಟ್ಟಿ ಕೂತ್ರ ಇಳಿಜಾರು ಸಾಲವಲ್ದು, ಮ್ಯಾಟ್ ಬತ್ತಲೆ ಕಂಡ್ರ ಜಾಸ್ತಿ ಆಗೈತಿ. ಹಾಕಿದ್ದು ಸರಿದು ನೀರು ತಿಳಿ ಆಗೂತನಕ ಮುಂದಿನ ಚಮಚ ಇಲ್ಲ. ಕೆಳಗಿನ ಮನಿ ಕಾಕಾ ಬಂದು "ಸೋನಂ ಮಿಳಾಲಂ ಕಾ?" (ಬಂಗಾರ ಸಿಕ್ತೇನು?) ಅಂತ ಮರಾಠಿಯೊಳಗ ಕೇಳಿ ನಕ್ಕು ಹೋದ್ರು.

ಇಷ್ಟೆಲ್ಲಾ ಮಾಡಿ ಎತ್ತೋ ಮುಂದ ಕೆಡಿಸಿದೆ. ಪಂಪ್ ಚಾಲೂ ಇದ್ದಾಗನ ಹಿಂದಿನ ತುದಿ ಹಿಡಿದು ಮ್ಯಾಲೆ ಎತ್ತಿಬಿಟ್ಟೆ, ಕುಂತದ್ದೆಲ್ಲಾ ಜಾರಿ ಗಚ್ಚಿ ತುಂಬ ಚೆಲ್ಲಿತು. ಬಳದು, ಕೂಡಿಸಿ, ಮತ್ತ ಮದಲಿಂದ. ಈ ಸಲ ಪಂಪ್ ಬಂದ್ ಮಾಡಿ, ಅಂಬಲಿ ತುಂಬಿದ ಗಂಗಾಳ ಒಯ್ದಂಗ ಮಟ್ಟಸ ಹಿಡಿದು ಬುಟ್ಟಿಗೆ ತಂದೆ, ಮ್ಯಾಟ್ ಸುರುಳಿ ಸುತ್ತಿ ಅದರಾಗ ತೊಳೆದೆ. ಉಳಿದ ಕರೀ ಪುಡಿಯೊಳಗ ಮ್ಯಾಗ್ನೆಟೈಟ್, ಅಂದ್ರ ಕಬ್ಬಿಣದ ಅದಿರು, ಭಾಳ. ಅಯಸ್ಕಾಂತಕ್ಕ ಪ್ಲಾಸ್ಟಿಕ್ ಚೀಲ ಸುತ್ತಿ ಆಡಿಸಿದ್ರ ಮೀಸಿ ಬಂದಂಗ ಹತ್ತಿಕೊಂಡು ಬರತೈತಿ, ಚೀಲ ಕಳಚಿದ್ರ ಉದುರತೈತಿ.

ಎಣಿಸಿದೆ. 47.

ಒಂದು ನನ್ನ ಚಪ್ಪಲಿ ಅಡಿಯೊಳಗ ಸಿಕ್ತು. ಇನ್ನ ಎರಡು ಗಚ್ಚಿ ಮ್ಯಾಲೇ ಎಲ್ಲೋ ಅದಾವು, ಸೀಸ ವಿಷ ಬ್ಯಾರೆ. ಅವು ಸಿಗೂತನಕ ಇಲ್ಲಿ ಸಂಡಿಗಿ ಹಾಕಂಗಿಲ್ಲ ಅಂದಾಳ ಅವ್ವ. ಟಾರ್ಚ್ ಹಿಡಕೊಂಡು ಹೊಂಟೀನಿ.